ಪೇಟೆ ಬಾಗಿಲಲ್ಲಿ ಸತ್ತ ಕರ್ನಲ್, ಗೋಡೆ ಮೇಲಿನ ಲಕ್ಷ್ಮಿ

ಬ್ರಿಟಿಷರು ಬೆಂಗಳೂರು ಪೇಟೆಯ ಮೇಲೆ ನುಗ್ಗಿದ್ದು 1791ರ ಮಾರ್ಚ್ 7ರಂದು. ಕೋಟೆ ಬಿದ್ದದ್ದು ಅದಾದ ಎರಡು ವಾರಕ್ಕೆ. ಪೇಟೆ ಬಾಗಿಲ ಹತ್ತಿರದ ಕಾದಾಟದಲ್ಲಿ ಮದ್ರಾಸ್ ಫಿರಂಗಿ ದಳದ ಮೂರ್‌ಹೌಸ್ ಎಂಬ ಲೆಫ್ಟಿನೆಂಟ್ ಕರ್ನಲ್ ಸತ್ತ. ಅವನ ಸಾವನ್ನು ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಕಲಾವಿದ ಎಣ್ಣೆಬಣ್ಣದಲ್ಲಿ ಬರೆದ. ಕಾರ್ನ್‌ವಾಲಿಸ್ ಸೈನ್ಯದ ಜೊತೆ ನಮ್ಮ ಕಡೆಯೆಲ್ಲ ತಿರುಗಿದ ಮನುಷ್ಯ ಅವನು. ಆ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ, ನಾನು ನೋಡಿರುವುದು ಲ್ಯಾಪ್‌ಟಾಪ್ ಪರದೆ ಮೇಲೆ ಮಾತ್ರ.

ನಮ್ಮೂರಿನ ಚಿತ್ರ ಅಂತ ಆಸೆಯಿಂದ ದೊಡ್ಡದು ಮಾಡಿಕೊಂಡು ನೋಡಿದರೆ ಕಣ್ಣು ಹೋಗುವುದು ಊರಿನ ಕಡೆಗಲ್ಲ, ಆ ಕರ್ನಲ್ ಕಡೆಗೆ. ಮೈ ಹಿಂದಕ್ಕೆ ಒರಗಿದೆ, ಜೊತೆಯವರು ಹಿಡಿದುಕೊಂಡಿದ್ದಾರೆ. ಯಾವುದಾದರೂ ಚರ್ಚಿನಲ್ಲಿ ಶಿಲುಬೆಯಿಂದ ಇಳಿಸಿದ ಯೇಸುವಿನ ಚಿತ್ರ ನೋಡಿದ್ದೀರಾ? ಅದೇ ಭಂಗಿ. ಹೋಮ್ ಇದನ್ನು ನೇರವಾಗಿ ಬೈಬಲ್ ಚಿತ್ರದಿಂದ ತಂದದ್ದಲ್ಲ. ಕ್ವಿಬೆಕ್ ಯುದ್ಧದಲ್ಲಿ ಸತ್ತ ಬ್ರಿಟಿಷ್ ಜನರಲ್ ವುಲ್ಫ್‌ನ ಚಿತ್ರವನ್ನು ಬೆಂಜಮಿನ್ ವೆಸ್ಟ್ ಎಂಬ ಕಲಾವಿದ 1770ರಲ್ಲಿ ಬರೆದಿದ್ದ. ಅದು ಎಷ್ಟು ಹೆಸರು ಮಾಡಿತೆಂದರೆ ಆಮೇಲೆ ಬ್ರಿಟಿಷ್ ಅಧಿಕಾರಿ ಎಲ್ಲಿ ಸತ್ತರೂ ಅದೇ ಅಚ್ಚು. ವೆಸ್ಟ್ ಆ ಭಂಗಿಯನ್ನು ತಂದದ್ದು ಹಳೆಯ ಯೇಸು ಚಿತ್ರಗಳಿಂದ. ಸೈನಿಕನ ಸಾವಿಗೆ ದೇವರ ಸಾವಿನ ಬೆಳಕು ಬಿಟ್ಟ. ಮುಂದುಗಡೆ ಒಬ್ಬ ಅಮೆರಿಕದ ಮೂಲನಿವಾಸಿಯನ್ನು ಯೋಚಿಸುತ್ತಾ ಕೂತಿರುವ ಹಾಗೆ ಸೇರಿಸಿದ. ನಿಜವಾಗಿ ಆ ಹೊತ್ತಿಗೆ ಅಲ್ಲಿ ಅಂಥವನು ಯಾರೂ ಇರಲಿಲ್ಲ. ಚಿತ್ರ ಚೆನ್ನಾಗಿ ಕಾಣಬೇಕಲ್ಲ, ಅದಕ್ಕೆ.

ಧರ್ಮದ ಚಿತ್ರ ಒಂದು ಕಡೆ, ಪುರಾಣದ ಚಿತ್ರ ಇನ್ನೊಂದು ಕಡೆ, ಪೂರ್ವದ ದೇಶಗಳನ್ನು ಬಣ್ಣ ಕಟ್ಟಿ ತೋರಿಸುವ ಓರಿಯೆಂಟಲಿಸ್ಟ್ ಚಿತ್ರ ಮತ್ತೊಂದು ಕಡೆ ಅಂತ ಕಲೆಯ ಪುಸ್ತಕಗಳು ಬೇರೆ ಬೇರೆ ಅಧ್ಯಾಯ ಮಾಡುತ್ತವೆ. ನನಗೆ ಆ ವಿಂಗಡಣೆ ಮೇಲೆ ಅಷ್ಟು ನಂಬಿಕೆ ಇಲ್ಲ. ಮೂರಕ್ಕೂ ಸಾಮಾನು ಒಂದೇ, ಕೈಚಳಕವೂ ಒಂದೇ.

ಡೇವಿಡ್ ವಿಲ್ಕಿ ಎಂಬ ಬ್ರಿಟಿಷ್ ಕಲಾವಿದನನ್ನೇ ತಗೊಳ್ಳಿ. ಭಾರತಕ್ಕೆ ಕಾಲಿಡದ ಮನುಷ್ಯ. 1839ರಲ್ಲಿ, ಅಂದರೆ ಟಿಪ್ಪು ಸತ್ತು ನಲವತ್ತು ವರ್ಷ ಆದ ಮೇಲೆ, ಶ್ರೀರಂಗಪಟ್ಟಣದಲ್ಲಿ ಬ್ರಿಟಿಷ್ ಜನರಲ್ ಬೇರ್ಡ್ ಟಿಪ್ಪುವಿನ ಹೆಣ ಹುಡುಕಿದ ದೃಶ್ಯವನ್ನು ದೊಡ್ಡದಾಗಿ ಬರೆದ. ಬೇರ್ಡ್‌ನ ಹೆಂಡತಿ ಬರೆಸಿದ್ದು. ಕತ್ತಲು, ಬಾಗಿಲು, ದೀಪದ ಬೆಳಕು, ನಡುವೆ ನೆಟ್ಟಗೆ ನಿಂತ ಬೇರ್ಡ್, ಕೆಳಗೆ ಬಿದ್ದ ಟಿಪ್ಪು. ದೊಡ್ಡ ಸಂತನನ್ನು ನಿಲ್ಲಿಸುವ ಹಾಗೆ ನಿಲ್ಲಿಸಿದ್ದಾನೆ. ಮರುವರ್ಷವೇ ಇದೇ ವಿಲ್ಕಿ ಜೆರುಸಲೇಮಿಗೆ ಹೊರಟ. ಯಾಕೆ ಗೊತ್ತಾ? ಬೈಬಲ್ಲಿನ ಚಿತ್ರ ಬರೆಯಬೇಕಾದರೆ ಆ ನೆಲ, ಆ ಜನ, ಆ ಬಟ್ಟೆಯನ್ನು ಕಣ್ಣಾರೆ ನೋಡಬೇಕು ಅಂತ. ಯೇಸುವಿನ ಊರನ್ನು ಸರಿಯಾಗಿ ಬರೆಯಲು ಅಷ್ಟು ದೂರ ಹೋಗಬೇಕು, ಶ್ರೀರಂಗಪಟ್ಟಣವನ್ನು ಮಾತ್ರ ಲಂಡನ್ನಿನಲ್ಲಿ ಕೂತೇ ಬರೆಯಬಹುದು! ವಾಪಸ್ ಬರುವಾಗ 1841ರಲ್ಲಿ ಹಡಗಿನಲ್ಲೇ ತೀರಿಕೊಂಡ, ಅವನನ್ನು ಸಮುದ್ರಕ್ಕೆ ಬಿಟ್ಟದ್ದನ್ನು ಟರ್ನರ್ ಎಂಬ ಕಲಾವಿದ ಇನ್ನೊಂದು ಚಿತ್ರ ಮಾಡಿದ. ಅದು ಈ ಎಲ್ಲಕ್ಕಿಂತ ಒಳ್ಳೆಯ ಚಿತ್ರ ಅನ್ನುವುದು ಬೇರೆ ವಿಷಯ.

ಫ್ರಾನ್ಸಿನವರ ಕಥೆ ಎಲ್ಲರಿಗೂ ಸ್ವಲ್ಪ ಗೊತ್ತಿರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಆಂಗ್ರ್ ಎಂಬ ಕಲಾವಿದ ಪೂರ್ವದ ಕಡೆ ಬರಲೇ ಇಲ್ಲ, ಆದರೂ 1814ರಲ್ಲಿ ಜನಾನಾದ ಹೆಂಗಸನ್ನು ಬರೆದ, ಬೆನ್ನನ್ನು ಎಷ್ಟು ಉದ್ದ ಎಳೆದನೆಂದರೆ ಮೂಳೆ ಜಾಸ್ತಿ ಇವೆ ಅಂತ ಆಗಲೇ ಜನ ಆಡಿಕೊಂಡರು. ಡೆಲಕ್ರಾ 1832ರಲ್ಲಿ ಮೊರಾಕ್ಕೊ, ಅಲ್ಜೀರ್ಸ್ ಎಲ್ಲ ಸುತ್ತಿ ಬಂದ, ಅವನ ಹೆಂಗಸರು ಕನಿಷ್ಠ ಬೇಜಾರಾದ ಹಾಗಾದರೂ ಕಾಣುತ್ತಾರೆ. ಜೆರೋಮ್ ಇವರೆಲ್ಲರಿಗಿಂತ ಜಾಣ. ಅವನ ಹಾವಾಡಿಗನ ಚಿತ್ರ ನೀವು ನೋಡಿರುತ್ತೀರಿ, ಪಶ್ಚಿಮದವರು ಪೂರ್ವವನ್ನು ನೋಡುವ ಕಣ್ಣಿನ ಬಗ್ಗೆ ಎಡ್ವರ್ಡ್ ಸಯೀದ್ 1978ರಲ್ಲಿ ಬರೆದ 'ಓರಿಯೆಂಟಲಿಸಂ' ಎಂಬ ಪ್ರಸಿದ್ಧ ಪುಸ್ತಕದ ರಕ್ಷಾಪುಟದಲ್ಲಿದ್ದದ್ದು ಅದೇ. ಹಿಂದಿನ ಗೋಡೆಯ ನೀಲಿ ಹೆಂಚುಗಳು ಒಂದೊಂದೂ ನಿಜವಾದದ್ದರಂತೆ. ಒಂದು ಕುಂಚದ ಗುರುತೂ ಕಾಣುವುದಿಲ್ಲ. ಲಿಂಡಾ ನೋಕ್ಲಿನ್ ಎಂಬ ಕಲಾ ಇತಿಹಾಸಕಾರ್ತಿ 1983ರಲ್ಲಿ ಹಿಡಿದದ್ದು ಇದನ್ನೇ: ಬರೆದವನು ತನ್ನ ಕೈಗುರುತನ್ನು ಪೂರ್ತಿ ಅಳಿಸಿದ್ದಾನೆ, ಹಾಗಾಗಿ ನೋಡುವವರಿಗೆ ಇದು ಯಾರೋ ಕಟ್ಟಿದ್ದು ಅಂತ ಅನಿಸುವುದೇ ಇಲ್ಲ, ಆ ದೇಶವೇ ಹೀಗೆ ಅನಿಸುತ್ತದೆ.

ಈ ನುಣುಪನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ದೇವರ ಮನೆಗೆ ಬನ್ನಿ.

ಲಕ್ಷ್ಮಿ ಅಂದ ತಕ್ಷಣ ನಿಮ್ಮ ಕಣ್ಣೆದುರು ಬರುವವಳು ಯಾರು? ತಾವರೆ ಮೇಲೆ ನಿಂತು, ಸೀರೆಯನ್ನು ನೆರಿಗೆ ಹಿಡಿದು ಉಟ್ಟು, ಪಕ್ಕದಲ್ಲಿ ಆನೆ ಇರುವವಳು ತಾನೆ. ಅವಳನ್ನು ಹಾಗೆ ರೂಪಿಸಿದವನು ರಾಜಾ ರವಿವರ್ಮ. ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದವನು. ತಿರುವಾಂಕೂರಿಗೆ ಥಿಯೊಡೋರ್ ಜೆನ್ಸೆನ್ ಎಂಬ ಯುರೋಪಿನ ಕಲಾವಿದ ಬಂದಾಗ ಅವನು ಎಣ್ಣೆಬಣ್ಣ ಹಚ್ಚುವುದನ್ನು ನೋಡಿ ನೋಡಿಯೇ ಕಲಿತ ಅಂತ ಹೇಳುತ್ತಾರೆ. ಮೈಯ ಮೇಲೆ ಬೆಳಕು ಜಾರುವುದು, ರೇಷ್ಮೆಯ ಹೊಳಪು, ನೆರಳು, ದೂರದ ಬೆಟ್ಟ ಮಸುಕಾಗುವುದು, ಇದೆಲ್ಲ ಜೆರೋಮನ ಕಾಲದ ಯುರೋಪಿನ ಕಲಾಶಾಲೆಯ ವಿದ್ಯೆಯೇ. ಅವರು ಅದನ್ನು ಹಾವಾಡಿಗನ ಮೇಲೆ ಹಚ್ಚಿದರು, ಇವನು ಶಕುಂತಲೆ, ದಮಯಂತಿ, ಸರಸ್ವತಿಯ ಮೇಲೆ ಹಚ್ಚಿದ. ಫಲ ಒಂದೇ. ನಂಬಿಬಿಟ್ಟೆವು.

1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ. ಕಲ್ಲಿನ ಮೇಲೆ ಚಿತ್ರ ತೆಗೆದು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ, ಒಂದರ ಮೇಲೊಂದು ಒತ್ತುವುದು. ಆಮೇಲೆ ಪ್ರೆಸ್ಸನ್ನು ಲೋನಾವಳದ ಹತ್ತಿರದ ಮಳವಳಿಗೆ ಸಾಗಿಸಿದರು (ನಮ್ಮ ಮಂಡ್ಯದ ಮಳವಳ್ಳಿ ಅಲ್ಲ), ಕೊನೆಗೆ ಅದನ್ನು ಕೊಂಡವನು ಷ್ಲೈಷರ್ ಎಂಬ ಜರ್ಮನ್. ದೇವಸ್ಥಾನದೊಳಗೆ ಬಿಡದವರ ಮನೆಗೂ ದೇವರು ಕಾಗದದ ಮೇಲೆ ಕೂತು ಬಂದ. ಇದು ಸಣ್ಣ ವಿಷಯ ಅಲ್ಲ, ರವಿವರ್ಮನನ್ನು ಬೈಯುವವರು ಇದನ್ನು ಮರೆಯಬಾರದು. ಮನೆಯ ಹೆಂಗಸರು ಆ ಚಿತ್ರಗಳಿಗೆ ಜರಿ, ಚಮ್ಕಿ, ಬಟ್ಟೆ ಹೊಲಿದು ಸೀರೆ ಉಡಿಸುತ್ತಿದ್ದರು. ಮ್ಯೂಸಿಯಂಗಳಲ್ಲಿ ಈಗಲೂ ಅಂಥವು ಸಿಗುತ್ತವೆ, ನನಗೆ ಮೂಲ ಚಿತ್ರಕ್ಕಿಂತ ಅವೇ ಇಷ್ಟ.

ಆದರೆ ತಕರಾರು ಇದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋದರೆ ಅಲ್ಲಿ ಮೈಸೂರು ಶೈಲಿಯ ಹಳೆಯ ಚಿತ್ರಗಳಿವೆ. ಸಫೇದ ಎಂಬ ಬಿಳಿ ಪುಡಿ, ಅಂಟು ಕಲಸಿದ ಸರಿಯಿಂದ ಒಡವೆಗಳನ್ನು ಸಣ್ಣಗೆ ಎಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರಿನವರಷ್ಟು ದಪ್ಪ ಮಾಡುವುದಿಲ್ಲ. ಅಲ್ಲಿನ ದೇವರನ್ನು ನೋಡಿ ಯಾರೂ 'ಅರೆ, ಪಕ್ಕದ ಮನೆ ಆಂಟಿ ಥರ ಇದ್ದಾಳೆ' ಅನ್ನುವುದಿಲ್ಲ. ಅದು ಚಿತ್ರ ಅಂತ ಚಿತ್ರವೇ ಹೇಳುತ್ತದೆ. ದೇವರು ದೊಡ್ಡದು, ಭಕ್ತ ಸಣ್ಣದು, ನೆರಳು ಇಲ್ಲ. ದೇವರು ಹೇಗಿದ್ದಾನೆ ಅನ್ನುವುದನ್ನು ನಮಗೇ ಬಿಡುತ್ತದೆ. ರವಿವರ್ಮ ಬಿಡುವುದಿಲ್ಲ. ಅವನ ಲಕ್ಷ್ಮಿಗೆ ಒಂದು ಮುಖ, ಒಂದು ಮೈಬಣ್ಣ, ಒಂದು ಸೀರೆ ಉಡುವ ರೀತಿ, ಮತ್ತು ಆ ಬಣ್ಣ ಬಿಳಿ ಕಡೆಗೇ ವಾಲುತ್ತದೆ ಅನ್ನುವುದನ್ನು ನಾವು ಮಾತಾಡುವುದೇ ಇಲ್ಲ. ಅಮ್ಮನ ಹತ್ತಿರ ಇದನ್ನು ಹೇಳಿದರೆ 'ಲಕ್ಷ್ಮಿ ಇರೋದೇ ಹಾಗೆ ಕಣೋ' ಅಂತಾರೆ. ನೋಕ್ಲಿನ್ ಹೇಳಿದ್ದೂ ಅದೇ ಅಲ್ವಾ.

1893ರಲ್ಲಿ ರವಿವರ್ಮ ಚಿಕಾಗೋ ಮೇಳಕ್ಕೆ ಹತ್ತು ಚಿತ್ರ ಕಳಿಸಿದ, ವಿವೇಕಾನಂದರು ಮಾತಾಡಿದ ಅದೇ ವರ್ಷ. ದೇವರ ಚಿತ್ರಗಳಲ್ಲ, ಭಾರತದ ಬೇರೆ ಬೇರೆ ಕಡೆಯ ಹೆಂಗಸರು. ಪದಕವೂ ಬಂತು. ಅಂದರೆ ಪರದೇಶದವರು ನಮ್ಮನ್ನು ಯಾವ ಕಣ್ಣಿನಿಂದ ನೋಡಲು ಬಯಸುತ್ತಾರೋ ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ವಾದ್ಯ ಹಿಡಿದ ಹೆಂಗಸರ ಗುಂಪಿನ ಚಿತ್ರ ಇದೆಯಲ್ಲ, ಒಬ್ಬೊಬ್ಬಳದು ಒಂದೊಂದು ನಾಡಿನ ಉಡುಗೆ, ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡುತ್ತಿಲ್ಲ, ಕಛೇರಿಗಿಂತ ಹೆಚ್ಚಾಗಿ ನಮೂನೆಗಳನ್ನು ಜೋಡಿಸಿಟ್ಟ ಹಾಗಿದೆ. ಆದರೂ ಅದರ ಮುಂದೆ ನಿಂತರೆ ಹೊರಡಲು ಮನಸ್ಸಾಗುವುದಿಲ್ಲ. ಆ ಸೀರೆಗಳು!

ರವಿವರ್ಮನದು ಪರದೇಶಿ ಶೈಲಿ ಅಂತ ಕಲ್ಕತ್ತದವರು ಜಗಳ ತೆಗೆದರು. ಅಬನೀಂದ್ರನಾಥ ಠಾಕೂರರ ಗುಂಪು. ತಮಾಷೆ ಏನೆಂದರೆ ನಿಜವಾದ ಭಾರತೀಯ ಶೈಲಿ ಯಾವುದು ಅಂತ ಹೇಳಿಕೊಡಲು ಮುಂದೆ ನಿಂತವನು ಇ.ಬಿ. ಹ್ಯಾವೆಲ್ ಎಂಬ ಇಂಗ್ಲಿಷಿನವ, ಅಲ್ಲಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲ. ಯುರೋಪಿನ ಮೂರ್ತಿಗಳ ನಕಲುಗಳನ್ನು ಶಾಲೆಯಿಂದ ಹೊರಗೆ ಹಾಕಿಸಿದಾಗ ಅಲ್ಲಿನ ಹುಡುಗರೇ ಪ್ರತಿಭಟನೆ ಮಾಡಿದ್ದರು. ಭಾರತ ಅಂದರೆ ಅಧ್ಯಾತ್ಮ, ಮಂಜು ಮಂಜಾದ ಬಣ್ಣ, ಅರೆ ಮುಚ್ಚಿದ ಕಣ್ಣು. ಇದೂ ಓರಿಯೆಂಟಲಿಸಮ್ಮೇ. ಜನಾನಾ ಹೋಗಿ ಆಶ್ರಮ ಬಂತು, ಅಷ್ಟೆ.

ನಮ್ಮ ಕೆ. ವೆಂಕಟಪ್ಪನವರು ಅಲ್ಲೇ ಕಲಿತವರು. ಮೈಸೂರಿನ ಚಿತ್ರಗಾರರ ಮನೆತನ, ಅರಮನೆಯ ಖರ್ಚಿನಲ್ಲಿ ಕಲ್ಕತ್ತಕ್ಕೆ ಹೋದರು. ಸೋದರಿ ನಿವೇದಿತಾ, ಆನಂದ ಕುಮಾರಸ್ವಾಮಿ ಸೇರಿ ಬರೆದ ಪುರಾಣಕಥೆಗಳ ಪುಸ್ತಕಕ್ಕೆ ರಾಮಾಯಣದ ಚಿತ್ರ ಬರೆದುಕೊಟ್ಟರು. ಆ ಚಿತ್ರಗಳು ನನಗೆ ಅಷ್ಟಕ್ಕಷ್ಟೆ. ಊರಿಗೆ ಬಂದ ಮೇಲೆ ಬರೆದ ಊಟಿ, ಕೊಡೈಕೆನಾಲ್ ಬೆಟ್ಟಗಳ ಜಲವರ್ಣ ಇದೆಯಲ್ಲ, ಅದು ಬೇರೆಯೇ. ಅಲ್ಲಿ ದೇವರೂ ಇಲ್ಲ, ಋಷಿಯೂ ಇಲ್ಲ, ಭಾರತವನ್ನು ಯಾರಿಗೂ ಪರಿಚಯ ಮಾಡಿಕೊಡುವ ಹಟವೂ ಇಲ್ಲ. ಮಂಜು ಇದೆ, ಆದರೆ ಅದು ನಿಜವಾಗಿ ಊಟಿಯಲ್ಲಿ ಬೀಳುವ ಮಂಜು.

ಈಗಿನ ಕಥೆ ಹೇಳಬೇಕಾದರೆ ಜನವರಿಯಲ್ಲಿ ಚಿತ್ರಸಂತೆಗೆ ಹೋಗಬೇಕು. ಕುಮಾರಕೃಪಾ ರಸ್ತೆ ಉದ್ದಕ್ಕೂ ಕಲಾವಿದರು, ತಳ್ಳಾಟ, ಕಡಲೆಕಾಯಿ, ಸೆಲ್ಫಿ. ನನಗೆ ತುಂಬಾ ಇಷ್ಟದ ದಿನ. ಆದರೆ ಒಂದು ಸುತ್ತು ಹಾಕಿ ಬನ್ನಿ. ಕಣ್ಣು ಮುಚ್ಚಿದ ಬುದ್ಧನ ಮುಖ, ಚಿಲುಮೆ ಸೇದುವ ನಾಗಾಸಾಧು, ಕೊಡ ಹೊತ್ತ ರಾಜಸ್ಥಾನದ ಹೆಂಗಸು, ಕಾಶಿಯ ಘಟ್ಟ, ಕೊಳಲಿನ ಕೃಷ್ಣ. ಸಾಧುವಿನ ಮುಖದ ಸುಕ್ಕು ಒಂದೊಂದೂ ಫೋಟೋದಷ್ಟು ಸ್ಪಷ್ಟ. ಜೆರೋಮ್ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಬರೆದವರು ನಮ್ಮವರು, ಕೊಳ್ಳುವವರೂ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಫ್ಲ್ಯಾಟಿನ ನಮ್ಮವರು, ನೋಡುವ ಕಣ್ಣು ಮಾತ್ರ ಇನ್ನೂ ಹಡಗಿನಿಂದ ಈಗ ತಾನೇ ಇಳಿದದ್ದು. ಆ ಸಾಧುವಿನ ಹೆಸರು ಯಾರೂ ಕೇಳುವುದಿಲ್ಲ. ಬುದ್ಧ ಏನು ಹೇಳಿದ ಅನ್ನುವುದಕ್ಕಿಂತ ಸೋಫಾದ ಬಣ್ಣಕ್ಕೆ ಹೊಂದುತ್ತಾನಾ ಅನ್ನುವುದು ಮುಖ್ಯ.

ಇದನ್ನು ಅಲ್ಲೇ ಚಿತ್ರ ಬರೆಯುವ ಗೆಳೆಯನೊಬ್ಬನಿಗೆ ಹೇಳಿ ಬೈಸಿಕೊಂಡೆ. 'ನೀನು ಆರಾಮಾಗಿ ಸಯೀದ್ ಓದ್ಕೊಂಡು ಮಾತಾಡ್ತೀಯಾ, ನಾನು ಹೋದ ವರ್ಷ ನಮ್ಮ ಬೀದಿ ಬರೆದು ತಂದಿದ್ದೆ, ಟ್ರಾನ್ಸ್‌ಫಾರ್ಮರ್, ಕೇಬಲ್ ವೈರು, ಅರಳಿಕಟ್ಟೆ ನಾಗರಕಲ್ಲು, ಎಲ್ಲಾ ಇತ್ತು. ಒಂದೂ ಹೋಗ್ಲಿಲ್ಲ. ಬುದ್ಧ ಹನ್ನೊಂದು ಗಂಟೆಗೇ ಖಾಲಿ' ಅಂದ. ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಆದರೆ ಆ ನಾಗರಕಲ್ಲಿನ ಚಿತ್ರ ಇನ್ನೂ ಇದೆಯಾ ಅಂತ ಕೇಳಿದ್ದೇನೆ. ಇದೆಯಂತೆ, ಬೆಲೆ ಮಾತ್ರ ಇಳಿಸುವುದಿಲ್ಲವಂತೆ.