ಸಮಾಲೋಚನಾ ಕೊಠಡಿಯವರೆಗಿನ ದಾರಿ

ಸೆಮಿಸ್ಟರ್ ಮುಗಿಯಲು ಮೂರು ವಾರಗಳಿದ್ದಾಗ ಹಾಜರಿ ಕೊರತೆಯ ಪಟ್ಟಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎರಡನೆಯ ವರ್ಷದ ಹುಡುಗನೊಬ್ಬನ ಹೆಸರು ಆ ಪಟ್ಟಿಯಲ್ಲಿ ಕಂಡು ಆಶ್ಚರ್ಯವಾಯಿತಾದರೂ, ಕಾರಣ ಹುಡುಕುವ ವ್ಯವಧಾನ ಅಂದು ನನಗಿರಲಿಲ್ಲ. ಅವನನ್ನು ಸ್ಟಾಫ್ ರೂಮಿಗೆ ಕರೆಸಿ, ಇಬ್ಬರು ಸಹೋದ್ಯೋಗಿಗಳ ಎದುರಿಗೇ, ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತರೆ ಬೆಳಗಿನ ತರಗತಿಗೆ ಎಚ್ಚರವಾಗುವುದು ಹೇಗೆ ಎಂದು ಗದರಿದೆ. ಅವನು ತಲೆ ಎತ್ತದೆ "ಸಾರಿ ಮೇಡಂ" ಎಂದು ಹೊರಟುಹೋದ. ಆ ಮಾತಿಗಾಗಿ ನನಗೆ ಇಂದಿಗೂ ನೋವಿದೆ.

ಅದೇ ಮಧ್ಯಾಹ್ನ ತಿದ್ದಲು ತೆಗೆದುಕೊಂಡ ಲ್ಯಾಬ್ ರೆಕಾರ್ಡ್‌ಗಳಲ್ಲಿ ಅವನದೂ ಇತ್ತು. ಮೊದಲ ಆರು ಪ್ರಯೋಗಗಳು ಅಚ್ಚುಕಟ್ಟಾಗಿದ್ದವು. ಗ್ರಾಫುಗಳ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಳತೆಯನ್ನೂ ಬರೆದಿದ್ದ. ಏಳನೆಯದರಲ್ಲಿ ಕೋಷ್ಟಕದ ಗೆರೆಗಳಿದ್ದವು, ಅಂಕಿಗಳಿರಲಿಲ್ಲ. ಎಂಟು ಮತ್ತು ಒಂಬತ್ತರಲ್ಲಿ ದಿನಾಂಕ, ಶೀರ್ಷಿಕೆ ಮಾತ್ರ ಇದ್ದವು. ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟು ನೋಡಿದಾಗ, ಮೊದಲು ಬೆಳಗಿನ ತರಗತಿಗಳು, ಆಮೇಲೆ ಮಧ್ಯಾಹ್ನದವು, ಕೊನೆಗೆ ಇಡೀ ದಿನಗಳೇ ತಪ್ಪಿಹೋಗಿದ್ದವು. ಇಷ್ಟೆಲ್ಲ ನನ್ನದೇ ಕೈಬರಹದಲ್ಲಿ ದಾಖಲಾಗಿದ್ದರೂ ಅದನ್ನು ನಾನು ಒಮ್ಮೆಯೂ ಓದಿರಲಿಲ್ಲ.

ಸಂಜೆ ಅವನ ರೂಂಮೇಟ್ ಬಾಗಿಲ ಬಳಿ ಬಂದು ನಿಂತ. "ಮೇಡಂ, ಅವನು ನಿದ್ದೆ ಮಾಡ್ತಿಲ್ಲ, ಊಟಕ್ಕೂ ಬರ್ತಿಲ್ಲ. ನಿನ್ನೆ ತನ್ನ ಪುಸ್ತಕಗಳನ್ನೆಲ್ಲ ನಮಗೆ ಹಂಚಿಬಿಟ್ಟ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ" ಎಂದ. ಪ್ರಿಯವಾದ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚಿಬಿಡುವುದು ಆತ್ಮಹತ್ಯೆಯ ಆಲೋಚನೆಯ ಸೂಚನೆಯಾಗಿರಬಹುದೆಂದು ಹಿಂದೊಮ್ಮೆ ತರಬೇತಿಯಲ್ಲಿ ಕೇಳಿದ್ದೆ. ಮನೋಆರೋಗ್ಯದ ಪ್ರಥಮ ಚಿಕಿತ್ಸೆ ಎಂಬ ಹೆಸರಿನಲ್ಲಿ 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹಬ್ಬಿದ ಆ ತರಬೇತಿಯಲ್ಲಿ ನನಗೆ ಚೆನ್ನಾಗಿ ನೆನಪಿದ್ದ ಮಾತು ಒಂದೇ: ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ.

ಖಾಲಿ ಲ್ಯಾಬಿನಲ್ಲಿ ಅವನನ್ನು ಕೂರಿಸಿಕೊಂಡೆ. ಬೆಳಿಗ್ಗೆ ಗದರಿದ್ದಕ್ಕೆ ಮೊದಲು ಕ್ಷಮೆ ಕೇಳಿದೆ. ಆಮೇಲೆ, ಗಂಟಲು ಒಣಗಿದ್ದರೂ, "ಬದುಕುವುದೇ ಬೇಡ, ಸತ್ತುಹೋಗಬೇಕು ಅಂತ ಅನ್ನಿಸಿದೆಯೇನಪ್ಪಾ?" ಎಂದು ಕೇಳಿದೆ. ಅವನು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತ, ಮತ್ತೆ ತೆಗೆಯುತ್ತ, ಬಹಳ ಹೊತ್ತು ಸುಮ್ಮನಿದ್ದು "ಅನ್ನಿಸುತ್ತೆ ಮೇಡಂ. ಯಾರಿಗೂ ಹೇಳಬೇಡಿ" ಎಂದ. ಆ ಭಾಷೆ ಕೊಡುವುದು ಸುಲಭವಿತ್ತು, ಆದರೆ ಕೊಡಲಿಲ್ಲ. "ಎಲ್ಲರಿಗೂ ಹೇಳುತ್ತಾ ಹೋಗುವುದಿಲ್ಲ. ಆದರೆ ನಿನ್ನ ಜೀವದ ವಿಷಯವನ್ನು ನಾನೊಬ್ಬಳೇ ಇಟ್ಟುಕೊಳ್ಳುವುದೂ ಇಲ್ಲ. ನಡಿ, ಇಬ್ಬರೂ ಹೋಗೋಣ" ಎಂದೆ.

ನಮ್ಮ ಕಾಲೇಜಿನ ಆಪ್ತಸಮಾಲೋಚಕರ ಕೊಠಡಿ ಆಗ ಪರೀಕ್ಷಾ ವಿಭಾಗದ ಪಕ್ಕದಲ್ಲಿತ್ತು. ಮೂಲೆ ತಿರುಗಿದೊಡನೆ ಶುಲ್ಕ ಕಟ್ಟಲು ನಿಂತಿದ್ದ ಅವನ ಸಹಪಾಠಿಗಳ ಸಾಲು ಕಾಣಿಸಿತು, ಅವನ ಕಾಲು ನಿಂತುಬಿಟ್ಟಿತು. ಎಷ್ಟೋ ವಿದ್ಯಾರ್ಥಿಗಳಿಗೆ "ಹೋಗಿ ಕೌನ್ಸೆಲರ್ ನೋಡಿ" ಎಂದು ಚೀಟಿ ಬರೆದುಕೊಟ್ಟು ಕರ್ತವ್ಯ ಮುಗಿಯಿತೆಂದುಕೊಂಡಿದ್ದ ನನಗೆ, ಅವರಲ್ಲಿ ಎಷ್ಟು ಮಂದಿ ಈ ಮೂಲೆಯಿಂದಲೇ ಹಿಂದಿರುಗಿರಬಹುದು ಎಂಬುದು ಆಗ ಹೊಳೆಯಿತು. ಹಿಂಬದಿಯ ಮೆಟ್ಟಿಲು ಹತ್ತಿ ನಾವು ಇನ್ನೊಂದು ಬಾಗಿಲಿನಿಂದ ಒಳಗೆ ಹೋದೆವು.

ಸಮಾಲೋಚಕಿ ಅವನೊಡನೆ ಬಹಳ ಹೊತ್ತು ಮಾತನಾಡಿದರು. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನೂ ಕೊಟ್ಟರು. ಕಳೆದ ಎರಡು ವಾರಗಳ ನಿದ್ದೆ, ಹಸಿವು, ಆಸಕ್ತಿ, ಏಕಾಗ್ರತೆಗಳ ಬಗ್ಗೆ ಒಂಬತ್ತು ಪ್ರಶ್ನೆಗಳಿರುವ ಈ ಪತ್ರದಲ್ಲಿ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕವಿದ್ದು, ಕೊನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆಯೇ ಇರುತ್ತದೆ. ಅಂಕಗಳೇ ರೋಗನಿರ್ಣಯವಲ್ಲ, ಅದನ್ನು ವೈದ್ಯರು ಮಾಡಬೇಕು ಎಂದು ಅವರು ಅವನಿಗೆ ತಿಳಿಸಿಹೇಳಿ, ಮನೆಯಲ್ಲಿ ಯಾರಿಗೆ ಹೇಳಿದರೆ ನಿನಗೆ ಸಮಾಧಾನ ಎಂದು ಕೇಳಿದರು. "ಅಕ್ಕನಿಗೆ" ಎಂದ. ಅಕ್ಕ ರಾತ್ರಿಯೇ ಬಂದರು. ಅವರು ಬರುವವರೆಗೆ ಅವನನ್ನು ಒಂಟಿಯಾಗಿ ಬಿಡದೆ, ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ದೆವು. ಅವನು ಒಂದು ಸೆಮಿಸ್ಟರ್ ಬಿಡುವು ಪಡೆದು ಚಿಕಿತ್ಸೆ ಮುಂದುವರಿಸಿದ.

ಮಾನಸಿಕ ಅಸ್ವಸ್ಥತೆಗಳಲ್ಲಿ ಸುಮಾರು ಮುಕ್ಕಾಲು ಪಾಲು 24ನೇ ವಯಸ್ಸಿನೊಳಗೆ ಶುರುವಾಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಅಂದರೆ ಕಾಯಿಲೆ ಮೊದಲು ತಲೆದೋರುವ ವರ್ಷಗಳಲ್ಲೇ ಆ ಮಕ್ಕಳು ನಮ್ಮ ಎದುರಿನ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಅದನ್ನು ಗುರುತಿಸುವ ಹೊಣೆಯನ್ನು ಒಬ್ಬ ಸಮಾಲೋಚಕಿಯ ಮೇಲೆ ಹೊರಿಸಿ ಉಳಿದವರು ಹಾಜರಿ ಎಣಿಸುತ್ತ ಕೂರುವುದು ಅನ್ಯಾಯವೆಂದೇ ನನ್ನ ಭಾವನೆ. ಈಗ ಕೊಠಡಿ ಗ್ರಂಥಾಲಯದ ಹಿಂಭಾಗಕ್ಕೆ ಬಂದಿದೆ. ಹಾಜರಿ ಕೊರತೆಯ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕುವ ಮೊದಲು ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕರೆದು ಮಾತನಾಡಿಸುತ್ತೇವೆ. ಇದನ್ನು ಒಪ್ಪಿಸಲು ಎರಡು ಸಭೆಗಳು ಬೇಕಾದವು.

ಆ ರೂಂಮೇಟ್‌ನ ನೆನಪು ಮಾತ್ರ ನನಗೆ ನಾಲ್ಕು ದಿನ ತಡವಾಗಿ ಬಂತು. ಕರೆಸಿದಾಗ ಅವನ ಕಣ್ಣುಗಳು ಕೆಂಪಾಗಿದ್ದವು. "ನೀನು ಹೇಗಿದ್ದೀಯಪ್ಪಾ?" ಎಂದು ಕೇಳಿದೆ. "ಹತ್ತು ರಾತ್ರಿ ನಾನು ಲೈಟ್ ಆರಿಸಿರಲಿಲ್ಲ ಮೇಡಂ. ನಾನು ಮಲಗಿದಾಗ ಅವನಿಗೆ ಏನಾದರೂ ಆದರೆ ಅಂತ ಭಯ. ಈಗ ಅವನಿಲ್ಲದಿದ್ದರೂ ಆರಿಸೋಕೆ ಆಗ್ತಿಲ್ಲ" ಎಂದ. ನಾನು ಎದ್ದು, ಅವನ ಜೊತೆಯಲ್ಲಿಯೂ ಅದೇ ಹಿಂಬದಿಯ ಮೆಟ್ಟಿಲು ಹತ್ತಿದೆ.