ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ?

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ನಮ್ಮ ಮನೆಯ ಬೋರ್‌ವೆಲ್ ಕೈಕೊಟ್ಟಿತು. ಮೋಟಾರ್ ಹಾಕಿದರೆ ಪೈಪಿನಲ್ಲಿ ಬುಸ್ಸೆಂದು ಗಾಳಿ, ಅಷ್ಟೇ. ಟ್ಯಾಂಕರ್‌ಗೆ ಹೇಳಿ ಮೂರು ದಿನ ಕಾದೆವು. ಅಕ್ಕಿ ತೊಳೆದ ನೀರನ್ನೂ ಅಮ್ಮ ಚೆಲ್ಲದೆ ಬಕೆಟ್‌ನಲ್ಲಿ ಎತ್ತಿಟ್ಟು, ಅದರಲ್ಲೇ ಎಂಜಲು ತಟ್ಟೆಗಳನ್ನು ಒಂದು ಸಲ ತೊಳೆದು, ಆಮೇಲೆ ಒಳ್ಳೆ ನೀರು ಮುಟ್ಟುತ್ತಿದ್ದರು.

ಆವತ್ತಿನಿಂದ ನನಗೆ ಅನ್ನಿಸಿದ್ದು ಇದು. ಪರಿಸರಕ್ಕೆ ಒಗ್ಗುವ ಊರು ಅಂದಾಗ ಎಲ್ಲರೂ ಮೆಟ್ರೋ, ಸೋಲಾರ್, ಎಲೆಕ್ಟ್ರಿಕ್ ಬಸ್ಸು ಅಂತಾರೆ. ಅವೆಲ್ಲ ಬೇಕು. ಆದರೆ ಮೊದಲು ಕೇಳಬೇಕಾದ್ದು ಬಚ್ಚಲಿನಿಂದ ಹೋದ ನೀರು ಏನಾಯ್ತು ಅಂತ.

ಯಾಕೆಂದರೆ ಬೆಂಗಳೂರಿಗೆ ಕಾವೇರಿ ಸುಮ್ನೆ ಹರಿದು ಬರುವುದಿಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ, ಹಗಲೂ ರಾತ್ರಿ ಕರೆಂಟ್ ಸುರಿದು ಪಂಪ್ ಮಾಡಿ ತರಬೇಕು. ಅಷ್ಟು ಕಷ್ಟಪಟ್ಟು ತಂದ ನೀರನ್ನು ಒಂದೇ ಸಲ ಬಳಸಿ ರಾಜಕಾಲುವೆಗೆ ಬಿಡುವುದು ತಪ್ಪಲ್ವಾ?

ಹಿಂದೆ ಇಲ್ಲಿ ದೊಡ್ಡ ನದಿ ಇಲ್ಲದಿದ್ದರೂ ಊರು ಬದುಕಿತ್ತು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತಿತ್ತು. ಆ ಸರಪಳಿಯನ್ನು ನಾವೇ ಕಡಿದೆವು. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ.

ಮತ್ತೆ ಜೋಡಿಸಬಹುದು ಅನ್ನುವ ಧೈರ್ಯ ಬಂದಿದ್ದು ಜಕ್ಕೂರು ಕೆರೆ ನೋಡಿದ ಮೇಲೆ. ಅಲ್ಲಿ ಕೆರೆಯ ಮೇಲ್ಭಾಗದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ನೀರು ಶುದ್ಧ ಮಾಡುವಷ್ಟು ದೊಡ್ಡ ಘಟಕ ಇದೆ. ಅಲ್ಲಿಂದ ಹೊರಬಿದ್ದ ನೀರು ನೇರ ಕೆರೆಗೆ ಇಳಿಯುವುದಿಲ್ಲ. ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸಾಗುತ್ತೆ, ಉಳಿದ ಸಾರಜನಕ, ರಂಜಕವನ್ನು ಗಿಡದ ಬೇರು ಹೀರಿಕೊಳ್ಳುತ್ತೆ, ಆಮೇಲೆ ಕೆರೆ. ನಾನು ಹೋದ ದಿನ ಜೌಗಿನ ಬಾಯಲ್ಲಿ ನಿಂತರೆ ಸ್ವಲ್ಪ ವಾಸನೆ ಇತ್ತು, ಆ ಕಡೆ ಏರಿಯ ಮೇಲೆ ಹೋದರೆ ಇರಲಿಲ್ಲ. ಬೆಳ್ಳಕ್ಕಿಗಳ ಪಕ್ಕದಲ್ಲೇ ಮೀನುಗಾರರು ಬಲೆ ಬಿಡಿಸುತ್ತಿದ್ದರು. ಕೆರೆ ತುಂಬಿದ್ದರೆ ಸುತ್ತಲಿನ ಬಾವಿಗಳಿಗೂ ನೀರು ಇಂಗುತ್ತೆ.

2018ರಿಂದ ನಮ್ಮ ಕೊಳಚೆ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧವಾಗಿ ಕೋಲಾರದ ಕೆರೆಗಳಿಗೂ ಹೋಗುತ್ತಿದೆ. ಅದು ಎರಡನೇ ಹಂತದವರೆಗೆ, ಅಂದರೆ ಸೂಕ್ಷ್ಮಾಣುಗಳು ಕೊಳೆ ತಿನ್ನುವವರೆಗೆ ಮಾತ್ರ ಶುದ್ಧವಾದದ್ದು, ಉಳಿದ ಸಾರಜನಕ, ರಂಜಕ, ರೋಗಾಣುಗಳನ್ನು ತೆಗೆಯುವ ಮೂರನೇ ಹಂತವೂ ಬೇಕು ಅನ್ನುವುದು ಅಲ್ಲಿನ ರೈತರ ಒತ್ತಾಯ. ಅವರ ಮಾತು ನ್ಯಾಯ. ನಾವು ಬಳಸಿ ಕೊಟ್ಟ ನೀರು ಅವರ ಬೋರ್‌ವೆಲ್‌ನಲ್ಲಿ ಮೇಲೆ ಬರುತ್ತೆ, ಅವರ ಮಕ್ಕಳು ಕುಡಿಯುತ್ತಾರೆ. ಖರ್ಚು ಜಾಸ್ತಿಯಾದರೂ ನಾವೇ ಕೊಡಬೇಕು.

ಇನ್ನು ಮಳೆ. ಬೆಂಗಳೂರಿನ 1000 ಚದರಡಿ ತಾರಸಿಯ ಮೇಲೆ ವರ್ಷಕ್ಕೆ ಸುಮಾರು 90 ಸಾವಿರ ಲೀಟರ್ ಬೀಳುತ್ತೆ. ಅಂದರೆ 6000 ಲೀಟರಿನ 15 ಟ್ಯಾಂಕರ್! ನಮ್ಮ ಮನೆಯಲ್ಲಿ ಅದೆಲ್ಲ ಇಷ್ಟು ವರ್ಷ ರಸ್ತೆಗೆ ಹೋಗುತ್ತಿತ್ತು. ಕೊನೆಗೆ ಬಾವಿ ತೋಡುವವರನ್ನು ಕರೆಸಿ ಗೇಟಿನ ಪಕ್ಕ 20 ಅಡಿಯ ಇಂಗುಬಾವಿ ತೆಗೆಸಿದೆವು. ಇಬ್ಬರು ಒಳಗಿಳಿದು ಅಗೆದರು, ಒಬ್ಬರು ಮೇಲೆ ನಿಂತು ಹಗ್ಗದಲ್ಲಿ ಮಣ್ಣು ಎಳೆದರು, ನಾಲ್ಕನೇ ದಿನಕ್ಕೆ ಸಿಮೆಂಟ್ ರಿಂಗ್ ಕೂರಿಸಿ ಮುಗಿಸಿದರು. ಮೊದಲ ಜೋರು ಮಳೆಗೆ ಅರ್ಧ ತುಂಬಿದ್ದು ಬೆಳಗಾಗುವಷ್ಟರಲ್ಲಿ ಇಂಗಿಹೋಗಿತ್ತು. ಅಮ್ಮ ಟಾರ್ಚ್ ಹಿಡಿದು ಬಗ್ಗಿ ನೋಡಿ, ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು.