ನಾನು ಮತ್ತೆ ಮೊದಲಿನ ಹಾಗೆ ಆಗುತ್ತೇನಾ?

ಕ್ರೈಸ್ತ ವಿಶ್ವಾಸದ ಬಗ್ಗೆ ಬರೆಯುವವಳು ಅಂತ ಗೊತ್ತಾದ ಮೇಲೆ ಜನ ನನ್ನನ್ನು ಬಹಳ ಕೇಳುತ್ತಾರೆ. ದೇವರಿದ್ದಾನೋ ಇಲ್ಲವೋ ಎಂದು ಕೇಳುವವರು ಅಪರೂಪ. ಮದುವೆ ಮುರಿದವರು, ಮಗುವನ್ನು ಮಣ್ಣು ಮಾಡಿ ಬಂದವರು, ಕುಡಿತ ಬಿಟ್ಟು ಮತ್ತೆ ಅದಕ್ಕೇ ಬಿದ್ದವರು, ಇಂಥದ್ದೇ ಕಾರಣ ಅಂತಿಲ್ಲದೆ ಒಳಗೊಳಗೇ ಕುಸಿದವರು ಸುತ್ತಿ ಬಳಸಿ ಕೇಳುವುದು ಒಂದನ್ನೇ: "ಕರ್ತನು ಗುಣಪಡಿಸುತ್ತಾನೆ ಅಂತ ನಂಬಿದ್ದೇನೆ. ಆದರೆ ನಾನು ಮತ್ತೆ ಮೊದಲಿನ ಹಾಗೆ ಆಗುತ್ತೇನಾ?"

ಇಲ್ಲ ಅನ್ನುತ್ತೇನೆ. ಕೇಳಿದವರ ಮುಖ ಬಾಡುತ್ತದೆ. ಆದರೂ ಹಾಗೇ ಹೇಳುತ್ತೇನೆ, ಯಾಕೆಂದರೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ಮುರಿದು ಎದ್ದವರ ಪೈಕಿ ಮೊದಲಿನ ಹಾಗೇ ಆದವರು ನನಗೆ ಒಬ್ಬರೂ ಸಿಕ್ಕಿಲ್ಲ.

ಆಸ್ತಿ, ಮಕ್ಕಳನ್ನೆಲ್ಲ ಕಳೆದುಕೊಂಡಿದ್ದ ಯೋಬನಿಗೆ ಕೊನೆಗೆ ಎಲ್ಲವೂ ಎರಡರಷ್ಟು ಸಿಕ್ಕಿತಲ್ಲ ಎಂದು ತಕ್ಷಣ ಯಾರಾದರೂ ನೆನಪಿಸುತ್ತಾರೆ. ನಿಜ, 7,000 ಕುರಿ 14,000 ಆದವು, 3,000 ಒಂಟೆ 6,000 ಆದವು. ಮಕ್ಕಳು ಮಾತ್ರ ಮತ್ತೆ ಹತ್ತೇ. ಸತ್ತ ಹತ್ತು ಮಕ್ಕಳು ತಿರುಗಿ ಬಂದರೆಂದು ಅಲ್ಲಿ ಬರೆದಿಲ್ಲ. ಎರಡನೆಯ ಸಲ ತೊಟ್ಟಿಲು ತೂಗುವಾಗ ಯೋಬನ ಹೆಂಡತಿಯ ಮನಸ್ಸಿನಲ್ಲಿ ಏನಿತ್ತೋ, ಅದನ್ನು ಯಾರೂ ಬರೆದಿಡಲಿಲ್ಲ. ಯಾಕೋಬನು ಯಬ್ಬೋಕ್ ಹೊಳೆಯ ಬಳಿ ರಾತ್ರಿಯಿಡೀ ದೇವರೊಡನೆ ಹೋರಾಡಿ ಆಶೀರ್ವಾದ ಪಡೆದ, ಹೊಸ ಹೆಸರು ಪಡೆದ, ಬೆಳಗಾದಾಗ ಕುಂಟುತ್ತಿದ್ದ. ಅಪೊಸ್ತಲ ಪೌಲನು ತಾನು ಶರೀರದ ಮುಳ್ಳು ಎಂದು ಕರೆದ ಬಾಧೆಯನ್ನು ತೆಗೆಯೆಂದು ಮೂರು ಸಾರಿ ಬೇಡಿಕೊಂಡ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು, ಮುಳ್ಳು ಹೋಗಲಿಲ್ಲ. ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸುವುದು ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯ. ಮರಣವನ್ನೇ ಗೆದ್ದು ಎದ್ದುಬಂದ ಯೇಸುವಿನ ದೇಹದಲ್ಲಿ ಗಾಯದ ಗುರುತುಗಳು ಹಾಗೇ ಇದ್ದವು. ಅವುಗಳನ್ನೇ ಮುಟ್ಟಿ ನೋಡು ಎಂದು, ನಂಬದೆ ಇದ್ದ ಶಿಷ್ಯ ತೋಮನನ್ನು ಕರೆದ. ಪುನರುತ್ಥಾನವೇ ಅಳಿಸದ ಗುರುತನ್ನು ನಮ್ಮ ಪ್ರಾರ್ಥನೆ ಅಳಿಸಲಿ ಎಂದು ಯಾಕೆ ಹಟ ಹಿಡಿಯಬೇಕು?

ಹಾಗಾದರೆ ಹೊಸದಾಗುವುದು ಏನು ಎಂದು ಕೇಳಿದರೆ ಯೇಸುವಿನ ಶಿಷ್ಯ ಪೇತ್ರನ ಹತ್ತಿರ ಹೋಗುತ್ತೇನೆ. ಎಲ್ಲರೂ ನಿನ್ನನ್ನು ಬಿಟ್ಟುಹೋದರೂ ನಾನು ಬಿಡುವುದಿಲ್ಲ ಎಂದು ಜಂಬ ಕೊಚ್ಚಿಕೊಂಡವನು ಅವನು. ಅದೇ ರಾತ್ರಿ, ಯೇಸುವನ್ನು ಬಂಧಿಸಿದ ಮೇಲೆ, ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತು ಯೇಸುವನ್ನು ಅರಿಯೆ ಅಂದ, ಮೂರು ಸಲ. ಆಮೇಲೆ ಸಮುದ್ರದ ದಡದಲ್ಲಿ, ಇನ್ನೊಂದು ಇದ್ದಲಿನ ಬೆಂಕಿಯ ಪಕ್ಕದಲ್ಲಿ, ಯೇಸು ಮೂರು ಸಲ ಕೇಳಿದ: ನನ್ನನ್ನು ಪ್ರೀತಿಸುತ್ತೀಯೋ? ಮೊದಲ ಸಲ "ಇವರಿಗಿಂತ ಹೆಚ್ಚಾಗಿ" ಎಂಬ ಮಾತನ್ನೂ ಸೇರಿಸಿದ್ದ. ಪೇತ್ರನ ಉತ್ತರದಲ್ಲಿ ಆ ಹೋಲಿಕೆಯೇ ಇಲ್ಲ. ನಿನಗೇ ಗೊತ್ತು ಕರ್ತನೇ, ಅಷ್ಟೇ. ಜಂಬ ಎಲ್ಲಿ ಹೋಯಿತೋ! ಆ ಬಾಯಿಗೇ "ನನ್ನ ಕುರಿಗಳನ್ನು ಮೇಯಿಸು" ಎಂಬ ಕೆಲಸ ಸಿಕ್ಕಿತು. ತಾನು ಬೀಳುವುದಿಲ್ಲ ಎಂದುಕೊಂಡಿದ್ದ ಪೇತ್ರನ ಕೈಗೆ ಮಂದೆ ಸಿಕ್ಕಿದ್ದರೆ ಬಿದ್ದ ಕುರಿಗಳ ಗತಿ ಏನಾಗುತ್ತಿತ್ತು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಅಂಥ ಕುರುಬರನ್ನು ನಾವು ಕಾಣದವರಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಎಲ್ಲ ಮುರಿತವೂ ಒಂದೇ ಜಾತಿಯದಲ್ಲ. ಸತ್ಯವೇದದ 51ನೆಯ ಕೀರ್ತನೆಯಲ್ಲಿ ಅರಸ ದಾವೀದ ಜಜ್ಜಿಹೋದ ಮನಸ್ಸಿನಿಂದ ಕೂಗುವುದು ತಾನು ಮಾಡಿದ ಪಾಪಕ್ಕಾಗಿ. ಅವನಿಗೆ ಬೇಕಾದದ್ದು ಪಶ್ಚಾತ್ತಾಪವೇ. ಪ್ರವಾದಿ ಎಲೀಯನ ಕಥೆ ಬೇರೆ. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳ ಎದುರು ಗೆದ್ದವನು ರಾಣಿ ಈಜೆಬೆಲಳ ಬೆದರಿಕೆಗೆ ಓಡಿ, ಅಡವಿಯಲ್ಲಿ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂದ. ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟ. ದೂತನು ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ನಿದ್ದೆ, ಮತ್ತೆ ಊಟ. ಮಾತುಕತೆ ಎಲ್ಲ ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಯೋಬನದು ಮೂರನೆಯದು: ತಪ್ಪೂ ಇಲ್ಲ, ಕಾರಣವೂ ಗೊತ್ತಿಲ್ಲ. ಅವನ ಗೆಳೆಯರು ಬಾಯಿ ಮುಚ್ಚಿ ಏಳು ದಿನ ಜೊತೆಗೆ ಕೂತರು. ಬಾಯಿ ತೆರೆದ ಮೇಲೆ ಕೆಡಿಸಿದರು. ದಾವೀದನ ಮದ್ದನ್ನು ಎಲೀಯನಿಗೂ ಯೋಬನಿಗೂ ಕುಡಿಸುವುದು ನಮ್ಮ ಸಭೆಗಳ ಹಳೇ ಚಾಳಿ. ದುಃಖದಲ್ಲಿ ಬೆಂದವರಿಗೆ, ಗುಪ್ತಪಾಪ ಏನಾದರೂ ಇದೆಯಾ ನೋಡಿಕೋ ಅನ್ನುತ್ತೇವೆ. ಹೊಡೆತ ತಿನ್ನುತ್ತಿರುವ ಹೆಂಗಸಿಗೆ, ಕರ್ತನು ನಿನ್ನನ್ನು ಹದ ಮಾಡುತ್ತಿದ್ದಾನೆ ಅನ್ನುತ್ತೇವೆ. ನನ್ನ ಲೆಕ್ಕದಲ್ಲಿ ಅದು ಪಾಪ. ಅವಳು ಮೊದಲು ಆ ಮನೆಯಿಂದ ಹೊರಗೆ ಬರಬೇಕು.

ಖಿನ್ನತೆಯನ್ನು ಅಪನಂಬಿಕೆ ಎನ್ನುವವರಿಗೆ ಇಂಗ್ಲೆಂಡಿನ ಹೆಸರಾಂತ ಪ್ರಸಂಗಿ ಚಾರ್ಲ್ಸ್ ಸ್ಪರ್ಜನ್ನರ ಹೆಸರು ಹೇಳುತ್ತೇನೆ. 1856ರ ಅಕ್ಟೋಬರಿನಲ್ಲಿ, 22ರ ಹರೆಯದಲ್ಲಿ, ಅವರು ಲಂಡನ್ನಿನ ಸರ್ರೆ ಗಾರ್ಡನ್ಸ್ ಸಭಾಂಗಣದಲ್ಲಿ ಪ್ರಸಂಗ ಮಾಡುತ್ತಿದ್ದಾಗ ಯಾರೋ ಬೆಂಕಿ ಎಂದು ಸುಳ್ಳೇ ಕೂಗಿದರು. ನೂಕುನುಗ್ಗಲಿನಲ್ಲಿ ಏಳು ಜನ ಸತ್ತರು. ಆ ಪೆಟ್ಟಿನಿಂದ ಅವರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ, ಮನಸ್ಸಿನ ಕತ್ತಲೆ ಮತ್ತೆ ಮತ್ತೆ ಕವಿಯುತ್ತಿತ್ತು. ಅದನ್ನು ಮುಚ್ಚಿಡದೆ ತಮ್ಮ ವಿದ್ಯಾರ್ಥಿಗಳ ಮುಂದೆಯೇ ಮಾತಾಡಿದರು. ಮುಂದೆಯೂ ದಶಕಗಳ ಕಾಲ ಪ್ರಸಂಗ ಮಾಡಿದರು.

ನಮ್ಮ ಸಾಕ್ಷಿಗಳಿಗೆ, ಅಂದರೆ ದೇವರು ಮಾಡಿದ್ದನ್ನು ಸಭೆಯ ಮುಂದೆ ಹೇಳಿಕೊಳ್ಳುವ ಮಾತುಗಳಿಗೆ, ಯಾವಾಗಲೂ ಸುಖಾಂತವೇ ಬೇಕು. ಕಣ್ಣೀರು, ಪ್ರಾರ್ಥನೆ, ಬಿಡುಗಡೆ, ಹಲ್ಲೆಲೂಯ. ಇನ್ನೂ ನಡುದಾರಿಯಲ್ಲಿ ಇರುವವರನ್ನು ಎದ್ದು ನಿಂತು ಹೇಳಿ ಎಂದು ಯಾರೂ ಕರೆಯುವುದಿಲ್ಲ. ಕೀರ್ತನೆಗಳ ಪುಸ್ತಕ ನಮಗಿಂತ ಧೈರ್ಯದ್ದು. 88ನೆಯ ಕೀರ್ತನೆಯನ್ನು ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಆದರೂ ಅದು ಪ್ರಾರ್ಥನೆಯೇ.

ಪ್ರಾರ್ಥಿಸಲೂ ಆಗುತ್ತಿಲ್ಲ ಅನ್ನುವವರಿಗೆ ಮಾರ್ಕನ 2ನೆಯ ಅಧ್ಯಾಯ ತೋರಿಸುತ್ತೇನೆ. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದು, ಚಾವಣಿ ಕಿತ್ತು, ಯೇಸುವಿನ ಮುಂದೆ ಇಳಿಸಿದರು. ಹಾಸಿಗೆಯಲ್ಲಿದ್ದವನು ಒಂದು ಮಾತನ್ನೂ ಆಡಿದಂತಿಲ್ಲ. ಯೇಸು "ಅವರ ನಂಬಿಕೆಯನ್ನು" ನೋಡಿದನು ಎಂದಿದೆ. ಹೊತ್ತೊಯ್ಯುವವರನ್ನು ಹುಡುಕಿಕೊಳ್ಳಿ. ಕೇಳಿದ ಕೂಡಲೇ ವಾಕ್ಯ ಹೇಳುವವರು ಬೇಡ, ಕೇಳುತ್ತಾ ಕೂರಬಲ್ಲವರು ಬೇಕು. ಎಲೀಯನ ಹಾಗೆ ಸಾವಿನ ಯೋಚನೆ ಬರುತ್ತಿದ್ದರೆ ಇವತ್ತೇ ಒಬ್ಬರಿಗೆ ಹೇಳಿ, ವೈದ್ಯರ ಹತ್ತಿರ ಹೋಗಿ, ಕೊಟ್ಟ ಮಾತ್ರೆ ನುಂಗಿ. ಎಲೀಯ ಆ ರೊಟ್ಟಿಯನ್ನು ಬೇಡ ಅನ್ನಲಿಲ್ಲ.